ನಾಲ್ಕು ದಿನ ಇದ್ದು ಹೋಗುವವಳು

ನನಗೆ ಭಟ್ಕಳದ ಶಾಲೆಗೆ ವರ್ಗವಾದದ್ದು ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ. ಮದುವೆಯಾಗಿರಲಿಲ್ಲ. ಆಮೇಲೂ ಆಗಲಿಲ್ಲ, ಆ ಮಾತು ಬಿಡಿ. ಒಂಟಿ ಹೆಣ್ಣು, ಅದೂ ಬಾಯಿ ಜೋರಿನ ಶಾಲೆಯ ಅಕ್ಕೋರು, ಬಾಡಿಗೆಗೆ ಕೋಣೆ ಕೇಳಿಕೊಂಡು ಬಂದರೆ ಯಾರು ಕೊಡುತ್ತಾರೆ? ನಮ್ಮ ಪೈಕಿಯವರೇ ‘ನೋಡುವಾ, ನೋಡುವಾ’ ಎಂದು ಸಾಗಹಾಕಿದರು. ಕೊನೆಗೆ ಕೊಟ್ಟವರು ಹಳೇ ಓಣಿಯ ಒಬ್ಬ ನವಾಯತ ಮುಸಲ್ಮಾನ ಮುದುಕಿ. ಗಂಡ ತೀರಿಹೋಗಿದ್ದ, ಒಬ್ಬನೇ ಮಗ ಮದ್ರಾಸಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಮನೆಯ ಹಿಂಬದಿಯ ಕೋಣೆಯನ್ನು ನನಗೆ ತೋರಿಸಿ, ‘ಮೀನಿನ ವಾಸನೆ ಆಗೂದಿಲ್ಲ ಅಂದ್ರೆ ಈಗ್ಲೇ ಹೇಳಿ, ಆಮೇಲೆ ಮೂಗು ಮುಚ್ಕಣಬೇಡಿ’ ಎಂದರು. ಧಾರೇಶ್ವರದಲ್ಲಿ ಸಮುದ್ರದ ಪಕ್ಕ ಹುಟ್ಟಿದವಳಿಗೆ ಮೀನಿನ ವಾಸನೆ ಎಂತಕ್ಕೆ ಆಗುವುದಿಲ್ಲ ಎಂದು ನಾನೂ ತಿರುಗಿ ಕೇಳಿದೆ. ನಮ್ಮಿಬ್ಬರಿಗೆ ಅಲ್ಲಿಂದಲೇ ಸರಿಹೋಯಿತು.

ನಾನು ಅವರನ್ನು ಅಮ್ಮ ಎಂದು ಕರೆಯುತ್ತಿದ್ದೆ. ಅವರ ಮನೆಮಾತು ನವಾಯತಿ. ನನಗೆ ಚಿಕ್ಕಂದಿನಿಂದ ಕೊಂಕಣಿ ಬರುತ್ತಿತ್ತು, ಎರಡೂ ಒಂದಕ್ಕೊಂದು ಹತ್ತಿರವಾದ್ದರಿಂದ ಕೆಲವೇ ತಿಂಗಳಲ್ಲಿ ಅವರ ಮಾತು ನನಗೆ ಸಲೀಸಾಯಿತು. ಸಂಜೆ ಶಾಲೆಯಿಂದ ಬಂದವಳು ಅವರ ಅಡುಗೆಮನೆಯ ಬಾಗಿಲಲ್ಲಿ ಕೂತು ಹೆಡ್ಮಾಸ್ತರರನ್ನು ಬೈಯುತ್ತಿದ್ದೆ. ಅವರು ತಮ್ಮ ಸೊಸೆಯನ್ನು ಬೈಯುತ್ತಿದ್ದರು. ಸೊಸೆ ಮದ್ರಾಸಿನಲ್ಲಿದ್ದುದರಿಂದ ಯಾರಿಗೂ ತೊಂದರೆಯಿರಲಿಲ್ಲ.

ನಾನು ಹೋದ ಎರಡನೆಯ ವರ್ಷ ಅಮ್ಮನ ಮಗಳು ಕರಾಚಿಯಿಂದ ಬಂದಳು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು, ಮಾತು ಕಮ್ಮಿ. ಅವಳಿಗೆ ಮದುವೆಯಾದಾಗ ಗಡಿ ಎಂಬುದೇ ಇರಲಿಲ್ಲ. ಗಂಡನಿಗೆ ಕರಾಚಿಯಲ್ಲಿ ಕೆಲಸ, ಮುಂಬೈಗೆ ಹೋಗಿ ಹಡಗು ಹತ್ತಿದರೆ ಆಯಿತು. ಬಂದು ಹೋಗಿ ಮಾಡುತ್ತಿದ್ದರು. ಆಮೇಲೆ ದೇಶ ಎರಡಾಯಿತು, ಇವಳು ಅಲ್ಲೇ ಇದ್ದಳು. ಎಲ್ಲಿಗೂ ಹೋಗದೆ, ಏನೂ ಮಾಡದೆ, ಅಡುಗೆ ಮಾಡುತ್ತ ಕೂತವಳು ಬೇರೆ ದೇಶದವಳಾದಳು. ಈಗ ಹುಟ್ಟಿದ ಮನೆಗೆ ಬರಲಿಕ್ಕೆ ಪಾಕಿಸ್ತಾನದ ಪಾಸ್‌ಪೋರ್ಟು ಬೇಕು, ಅದರ ಮೇಲೆ ನಮ್ಮವರ ವೀಸಾ ಬೇಕು, ಬಂದ ಮೇಲೆ ಪೊಲೀಸ್ ಠಾಣೆಯಲ್ಲಿ ಹಾಜರಿ ಹಾಕಬೇಕು. ಬುರ್ಖಾ ಹಾಕಿಕೊಂಡು ಠಾಣೆಯ ಕಟ್ಟೆಯ ಮೇಲೆ ನಿಂತಿದ್ದ ಅವಳನ್ನು ಕಂಡು ನನಗೆ ಹೊಟ್ಟೆ ಉರಿದುಹೋಗಿತ್ತು. ಅವಳು ಆಡಿ ಬೆಳೆದ ಮನೆ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು.

ಬಂದ ಹೊಸದರಲ್ಲಿ ನಾನು, ‘ಎಷ್ಟು ದಿನ ಇರ್ತಾರೆ?’ ಎಂದು ಕೇಳಿದೆ. ‘ನಾಲ್ಕು ದಿನ ಇದ್ದು ಹೋಗುಕೆ ಬಂದಾಳೆ’ ಎಂದರು ಅಮ್ಮ. ಒಂದು ಲೋಟ ತೊಳೆಯಲೂ ಬಿಡದೆ, ಗಟ್ಟಿಯಾಗಿ ಒಂದು ಮಾತೂ ಆಡದೆ, ಮಗಳನ್ನು ನೆಂಟರ ಹಾಗೆ ನೋಡಿಕೊಳ್ಳುತ್ತಿದ್ದರು.

ವೀಸಾ ಮೂರು ತಿಂಗಳದ್ದು. ಅದು ಮುಗಿಯುತ್ತ ಬಂದಾಗ ಒಂದು ಸಂಜೆ ಮಗಳು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಗಂಡ ಇನ್ನೊಂದು ಮದುವೆಯಾಗಿದ್ದಾನೆ, ತನಗೆ ತಲಾಖ್ ಕೊಟ್ಟಿದ್ದಾನೆ, ಮಕ್ಕಳಾಗಲಿಲ್ಲ ಎಂಬುದೊಂದೇ ಕಾರಣ. ಅತ್ತೆ ಮಾವ ತೀರಿಹೋಗಿದ್ದಾರೆ. ಇಷ್ಟನ್ನೂ ಅಳದೆ, ಸಾಮಾನಿನ ಚೀಟಿ ಓದಿದ ಹಾಗೆ ಹೇಳಿದಳು. ಕೊನೆಗೆ, ‘ಹಿಂದೆ ಕಳ್ಸಿದ್ರೆ ನಾ ಯಾರ ಮನೆ ಬಾಗ್ಲು ತಟ್ಟೂದು ಅಕ್ಕೋರೆ?’ ಎಂದಳು. ನಿಮ್ಮ ಅಣ್ಣ ವಕೀಲರಂತೆ, ಒಂದು ಮಾತು ಕೇಳಿ ಎಂಬುದು ಅವಳು ಬಂದ ಕೆಲಸ.

ಅಣ್ಣ ಕುಮಟೆಯಲ್ಲಿ ವಕೀಲಿ ಮಾಡುತ್ತಿದ್ದ. ಗೇಣಿ, ಬೇಲಿ, ಅಣ್ಣತಮ್ಮಂದಿರ ಪಾಲು, ಇಷ್ಟರಲ್ಲೇ ಅವನ ಕರಿ ಕೋಟು ಬೂದಿ ಬಣ್ಣಕ್ಕೆ ತಿರುಗಿತ್ತು. ವೀಸಾ, ಪೌರತ್ವ ಎಂದರೆ ಅವನಿಗೂ ಹೊಸದು. ಆದರೆ ಹೊಸದು ಸಿಕ್ಕರೆ ಬಿಡುವವನಲ್ಲ. ಪುಸ್ತಕ ತರಿಸಿದ, ಕಾರವಾರಕ್ಕೆ ಹೋಗಿ ವಿಚಾರಿಸಿದ, ಒಂದು ಭಾನುವಾರ ಬಂದು ಕೂತ. ಕುಮಟೆಯಿಂದ ಭಟ್ಕಳಕ್ಕೆ ಬರುವುದೆಂದರೆ ಆಗ ಒಂದು ದಿನದ ಕೆಲಸ. ಹೊನ್ನಾವರದವರೆಗೆ ಒಂದು ಬಸ್ಸು, ಶರಾವತಿಗೆ ಸೇತುವೆ ಇಲ್ಲದ್ದರಿಂದ ಲಾಂಚಿನಲ್ಲಿ ಕಾಸರಕೋಡಿಗೆ ದಾಟಿ ಅಲ್ಲಿ ಇನ್ನೊಂದು ಬಸ್ಸು. ಲಾಂಚಿನಲ್ಲಿ ಯಾರದೋ ಕೋಳಿ ಬುಟ್ಟಿ ಮಡಿಲಿಗೆ ಬಿತ್ತಂತೆ, ಅದರ ಸಿಟ್ಟಿನಲ್ಲೇ ಒಳಗೆ ಬಂದ.

ತಾಯಿ ಮಗಳು ಪರದೆಯ ಆಚೆ, ಅಣ್ಣ ಜಗಲಿಯಲ್ಲಿ, ನಾನು ಮಧ್ಯದ ಹೊಸ್ತಿಲ ಮೇಲೆ. ಅಣ್ಣ ಬಿಡಿಸಿ ಹೇಳಿದ. ವೀಸಾ ಅವಧಿ ಸ್ವಲ್ಪ ಮುಂದೂಡಿಸುವುದು ದೊಡ್ಡ ಮಾತಲ್ಲ. ಇಲ್ಲೇ ಉಳಿಯಬೇಕೆಂದರೆ ಮಾತ್ರ ಬೆಂಗಳೂರಿನವರೆಗೆ ಅರ್ಜಿ ಹೋಗಬೇಕು. ಗಂಡ ಸತ್ತ, ಇಲ್ಲವೆ ಗಂಡ ಬಿಟ್ಟ ಹೆಂಗಸಿಗೆ ಅಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ, ಇಲ್ಲಿ ನೋಡಿಕೊಳ್ಳುವವರಿದ್ದಾರೆ ಎಂದು ಸರ್ಕಾರಕ್ಕೆ ಖಾತ್ರಿಯಾದರೆ ಪರವಾನಿಗೆ ಕೊಡುವುದುಂಟು. ಅದು ಸಿಕ್ಕಿ ಕೆಲವು ವರ್ಷ ಕಳೆದ ಮೇಲೆ ಇಲ್ಲಿನ ಪ್ರಜೆ ಎಂದು ಬರೆಸಿಕೊಳ್ಳಲಿಕ್ಕೆ ಬರುತ್ತದೆ.

‘ಅರ್ಜಿ ನಾ ಬರೀತೆ. ಆದ್ರೆ ಅರ್ಜಿ ನೋಡಿ ಯಾರೂ ಹೂಂ ಅನ್ನೂದಿಲ್ಲ’ ಎಂದ ಅಣ್ಣ. ‘ಪೊಲೀಸರು ಮನೆಗೆ ಬತ್ರು, ಓಣಿಯಲ್ಲೂ ಕೇಳ್ತ್ರು. ಆಗ ಇದ್ದದ್ದು ಇದ್ದ ಹಾಂಗೆ ಹೇಳ್ಬೇಕು. ಅಷ್ಟೇ.’

ಪರದೆಯ ಆಚೆಯಿಂದ ಅಮ್ಮ, ‘ಆತು’ ಎಂದರು.

ಮದ್ರಾಸಿನ ಮಗ ಅಕ್ಕನನ್ನು ಸಾಕುವ ಜವಾಬ್ದಾರಿ ತನ್ನದು ಎಂದು ಬರೆದುಕೊಟ್ಟ. ಖಾಜಿಗಳು ತಲಾಖ್ ಆದದ್ದು ನಿಜವೆಂದು ಬರೆದುಕೊಟ್ಟರು. ಅಣ್ಣ ಕಾಗದಗಳನ್ನೆಲ್ಲ ಹೊಲಿದು ಕಳಿಸಿದ, ವೀಸಾ ಅವಧಿಯನ್ನೂ ಮುಂದೂಡಿಸಿದ. ಮಳೆಗಾಲ ಕಳೆಯಿತು. ಠಾಣೆಯ ಜಮಾದಾರ ಒಂದು ದಿನ ನಾನು ಶಾಲೆಗೆ ಹೋಗಿದ್ದಾಗ ಬಂದು ವಿಚಾರಣೆ ಮುಗಿಸಿಕೊಂಡು ಹೋದನಂತೆ. ‘ಎಂತ ಕೇಳ್ದ?’ ಎಂದರೆ, ‘ಎಂತ ಇಲ್ಲ, ಹೀಂಗೇ’ ಎಂದರು ಅಮ್ಮ.

ಬೆಂಗಳೂರಿನಿಂದ ಬಂದ ಉತ್ತರವನ್ನು ಅಣ್ಣ ಶಾಲೆಗೇ ತಂದು ನನ್ನ ಕೈಗೆ ಕೊಟ್ಟ. ಅವನ ಕಿವಿ ಕೆಂಪಾಗಿತ್ತು. ಅರ್ಜಿದಾರಳು ತಾಯಿಯನ್ನು ನೋಡಲು ತಾತ್ಕಾಲಿಕವಾಗಿ ಬಂದವಳೆಂದೂ, ಗಂಡನ ಮನೆಗೆ ಮರಳುವವಳೆಂದೂ ವಿಚಾರಣೆಯಲ್ಲಿ ತಿಳಿದುಬಂದದ್ದರಿಂದ ಕಾಯಂ ವಾಸಕ್ಕೆ ಅನುಮತಿ ಇಲ್ಲ, ವೀಸಾ ಮುಗಿದೊಡನೆ ದೇಶ ಬಿಡಬೇಕು. ಅಷ್ಟು.

‘ಯಾವ ಕತ್ತೆ ಹೇಳ್ದ ಇದನ್ನ?’ ಎಂದು ನಾನು ಕೂಗಿದೆ. ಮಕ್ಕಳು ಕ್ಲಾಸಿನಿಂದ ಇಣುಕಿದರು.

‘ನಿನ್ನ ಅಮ್ಮ’ ಎಂದ ಅಣ್ಣ. ‘ಓಣಿಯವ್ರೆಲ್ಲ ಅದ್ನೇ ಹೇಳಿದ್ರಂತೆ. ಜಮಾದಾರನದ್ದು ತಪ್ಪಿಲ್ಲ, ಅವ ಕೇಳಿದ್ದು ಬರ್ದ.’

ಕೇಳಿದ್ದೇನೆಂದರೆ ಇಷ್ಟೆ. ಜಮಾದಾರ ಬಾಗಿಲಲ್ಲಿ ನಿಂತು ಮಗಳು ಎಂತಕ್ಕೆ ಬಂದಿದ್ದಾಳೆ ಎಂದ. ಅಮ್ಮ, ನಾಲ್ಕು ದಿನ ಇದ್ದು ಹೋಗುಕೆ ಬಂದಾಳೆ ಎಂದರು. ಅಳಿಯ ಹೇಗಿದ್ದಾರೆ ಎಂದ. ಚಲೋ ಇದ್ದಾನೆ ಎಂದರು. ಎದುರುಮನೆಯಲ್ಲಿ ಕೇಳಿದ, ಪಕ್ಕದ ಮನೆಯಲ್ಲಿ ಕೇಳಿದ. ಅವರಿಗೆಲ್ಲ ಅಮ್ಮ ಅಷ್ಟು ತಿಂಗಳಿಂದ ಹೇಳಿಕೊಂಡು ಬಂದದ್ದೂ ಅದೇ, ಅವರು ಹೇಳಿದ್ದೂ ಅದೇ.

ಸಿಟ್ಟಿನಲ್ಲಿ ಮನೆಗೆ ಹೊರಟವಳಿಗೆ ದಾರಿಯಲ್ಲಿ ನಮ್ಮ ಧಾರೇಶ್ವರದ ಮನೆಯೇ ನೆನಪಾಯಿತು. ನನ್ನ ಸೋದರತ್ತೆ ಒಬ್ಬಳು ಗಂಡನ ಮನೆಯಿಂದ ಪೆಟ್ಟಿಗೆ ಹಿಡಿದು ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಯಾರು ಕೇಳಿದರೂ ನಮ್ಮಜ್ಜಿ, ‘ನಾಲ್ಕು ದಿನ ಇದ್ದು ಹೋಗ್ತದೆ ಕೂಸು’ ಎನ್ನುತ್ತಿದ್ದಳು. ಆ ಕೂಸಿನ ತಲೆ ನೆರೆಯಿತು, ಹಲ್ಲು ಬಿತ್ತು, ನಮ್ಮ ಮನೆಯಲ್ಲೇ ಸತ್ತಿತು. ಅಜ್ಜಿ ಸುಳ್ಳು ಹೇಳಿದಳೆಂದು ಊರಿನಲ್ಲಿ ಯಾರೂ ಅಂದುಕೊಳ್ಳಲಿಲ್ಲ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಮಗಳು ಮನೆಗೆ ಬಂದರೆ ಹಾಗೆ ಹೇಳಬೇಕು. ಇನ್ನು ಹೋಗುವುದಿಲ್ಲ ಎಂದು ಹೆತ್ತವಳ ಬಾಯಲ್ಲಿ ಬಂದರೆ ಮಗಳ ಬಾಳು ಅಲ್ಲಿಗೆ ಮುಗಿಯಿತೆಂದು ಲೆಕ್ಕ. ನಮ್ಮಲ್ಲೂ ಹಾಗೇ, ಅವರಲ್ಲೂ ಹಾಗೇ. ಇದನ್ನು ಬೆಂಗಳೂರಿನ ಯಾವ ಕಚೇರಿಗೆ ಹೇಗೆ ತಿಳಿಸಿ ಹೇಳುವುದು?

ಆದರೂ ಮನೆಗೆ ಹೋಗಿ ಜಗಳ ಮಾಡಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದರು. ಮುಖ ಎತ್ತಲಿಲ್ಲ.

‘ಅರ್ಜಿಯಲ್ಲಿ ಬರ್ದಾಗಿದ್ಯಲ್ಲ, ಮತ್ತೆ ನನ್ನ ಬಾಯಲ್ಲಿ ಎಂತಕ್ಕೆ?’ ಎಂದರು. ‘ಬೀದಿಯಲ್ಲಿ ನಿಂತ್ಕಂಡು ಕೇಳ್ದ ಅವ. ಎದುರುಮನೆಯವ್ಳು ಕಿಟಕಿಯಲ್ಲಿದ್ದಳು. ನನ್ನ ಮಗಳನ್ನ ಗಂಡ ಬಿಟ್ಟ ಅಂತ ಬೀದಿಗೆ ಹೇಳ್ಬೇಕಿತ್ತಾ?’

‘ಬೀದಿಗೆ ಹೇಳದಿದ್ರೆ ಮಗಳು ಹಡಗು ಹತ್ತೂದೇ ಸೈ’ ಎಂದೆ.

ಮಗಳು ಒಳಗೆ ಇದ್ದಳು. ಎಲ್ಲ ಕೇಳಿಸುತ್ತಿತ್ತು. ಹೊರಗೆ ಬರಲಿಲ್ಲ. ನನಗೆ ಆಗ ಅಮ್ಮನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಕನಿಕರವೂ ಇತ್ತು. ಎರಡೂ ಒಟ್ಟಿಗೆ ಬಂದರೆ ನಾನು ಸಿಟ್ಟನ್ನೇ ತೋರಿಸುವುದು. ಅದು ನನ್ನ ಸ್ವಭಾವ.

ಅಣ್ಣ ಕಾರವಾರಕ್ಕೆ ಹೋಗಿ ಪೊಲೀಸ್ ಸಾಹೇಬರ ಮುಂದೆ ಕೂತು ಇನ್ನೊಂದು ಸಲ ವಿಚಾರಣೆ ಮಾಡಿಸಿ ಎಂದು ಕೇಳಿಕೊಂಡ. ಒಂದೇ ಸಲಕ್ಕೆ ಆಗಲಿಲ್ಲ, ಚಪ್ಪಲಿ ಸವೆಯಿತು. ಕೊನೆಗೆ ಅವರೇ ಭಟ್ಕಳದ ಕಡೆ ಬರುವಾಗ ಖುದ್ದಾಗಿ ಕೇಳುತ್ತೇನೆ, ಅಲ್ಲಿಯವರೆಗೆ ಅವಳು ಇರಲಿ ಎಂದು ಒಪ್ಪಿದರು. ಈ ಸಲವೂ ಹಿಂದಿನ ಹಾಗೇ ಆದರೆ ತನ್ನ ಕೈಯಲ್ಲಿ ಇನ್ನೇನೂ ಇಲ್ಲ ಎಂದು ಅಣ್ಣ ಸ್ಪಷ್ಟವಾಗಿ ಹೇಳಿದ. ನಾನು ದಿನಾ ಅಮ್ಮನಿಗೆ ಪಾಠ ಹೇಳಿಕೊಟ್ಟೆ. ಗಂಡ ಬಿಟ್ಟಿದ್ದಾನೆ, ಅಲ್ಲಿ ಯಾರೂ ಇಲ್ಲ, ಇನ್ನು ಇಲ್ಲೇ ಇರುತ್ತಾಳೆ. ಎರಡನೆಯ ಇಯತ್ತೆಯ ಮಕ್ಕಳಾದರೂ ಅಷ್ಟರಲ್ಲಿ ಇದನ್ನು ಬಾಯಿಪಾಠ ಮಾಡಿಬಿಡುತ್ತಿದ್ದವು. ಅಮ್ಮ ತಲೆ ಆಡಿಸುತ್ತಿದ್ದರು. ಬಾಯಿ ಬಿಟ್ಟು ಒಂದು ಸಲವೂ ಹೇಳಲಿಲ್ಲ.

ಸಾಹೇಬರು ಬಂದದ್ದು ಬೆಳಗಿನ ಹೊತ್ತು. ಬಯಲುಸೀಮೆಯ ಕಡೆಯವರು, ನಡುವಯಸ್ಸು, ಗಂಭೀರ. ಜಗಲಿಯಲ್ಲಿ ಕುರ್ಚಿ ಹಾಕಿದೆವು. ಅಣ್ಣ ಪಕ್ಕದಲ್ಲಿ ಕೂತ. ಪರದೆಯ ಆಚೆ ತಾಯಿ ಮಗಳು. ಅಮ್ಮನಿಗೆ ಕನ್ನಡ ಚೆನ್ನಾಗಿಯೇ ಬರುತ್ತಿದ್ದರೂ ಪರಊರಿನ ದೊಡ್ಡ ಅಧಿಕಾರಿಯ ಹತ್ತಿರ ನೇರ ಮಾತಾಡಲಿಕ್ಕೆ ಸಂಕೋಚ. ಅವರು ನವಾಯತಿಯಲ್ಲಿ ನನಗೆ ಹೇಳುವುದು, ನಾನು ಸಾಹೇಬರಿಗೆ ಕನ್ನಡದಲ್ಲಿ ಹೇಳುವುದು ಎಂದು ಏರ್ಪಾಡು. ಓಣಿಯಲ್ಲಿ ಜೀಪು ನಿಂತದ್ದೇ ಎದುರುಮನೆ, ಪಕ್ಕದ ಮನೆ, ಅದರಾಚೆಯ ಮನೆ, ಎಲ್ಲ ಕಿಟಕಿಗಳೂ ಅರ್ಧ ತೆರೆದವು.

‘ಮಗಳು ಯಾಕ ಬಂದಾರ ಕೇಳ್ರಿ’ ಎಂದರು ಸಾಹೇಬರು.

ಕೇಳಿದೆ. ಪರದೆಯ ಆಚೆಯಿಂದ ಅಮ್ಮನ ಧ್ವನಿ, ಸಣ್ಣಗೆ, ‘ನಾಲ್ಕು ದಿನ ಇದ್ದು ಹೋಗುಕೆ.’

ಸಾಹೇಬರಿಗೆ ನವಾಯತಿಯ ಒಂದಕ್ಷರ ಗೊತ್ತಿಲ್ಲ. ನಾನು ಏನು ಹೇಳಿದರೂ ಅವರು ಅದನ್ನೇ ಬರೆದುಕೊಳ್ಳುವವರು. ಅಣ್ಣನಿಗೆ ಕೊಂಕಣಿ ಗೊತ್ತು, ಅವನಿಗೆ ಅರ್ಥವಾಗಿತ್ತು. ಅವನು ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತ ಕೂತ. ‘ಗಂಡ ಬಿಟ್ಟಿದ್ದಾನೆ, ಇನ್ನು ಇಲ್ಲೇ ಇರ್ತಾಳೆ’ ಎಂಬ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಆದರೆ ನನಗೆ ಸಿಟ್ಟು ನೆತ್ತಿಗೇರಿತು. ಸಾಹೇಬರಿಗೆ ಬೆನ್ನು ಹಾಕಿ ಪರದೆಯ ಕಡೆ ತಿರುಗಿದೆ.

‘ಅಮ್ಮ, ಇದು ಎದುರುಮನೆಯವ್ಳಿಗೆ ಹೇಳೂ ಮಾತಲ್ಲ’ ಎಂದು ಅವರದೇ ಮಾತಿನಲ್ಲಿ ಗಟ್ಟಿಯಾಗಿ ಹೇಳಿದೆ. ‘ಇವ್ರು ಬರ್ಕಂಡು ಹೋಗ್ತ್ರು. ನಿಮ್ಗೆ ಓಣಿಯಲ್ಲಿ ತಲೆ ಎತ್ಕಂಡು ಓಡಾಡ್ಬೇಕಾ, ಓಡಾಡಿ. ಮಗಳ ಪೆಟ್ಟಿಗೆ ಇವತ್ತೇ ಕಟ್ಟಿಡಿ. ನಾನೇ ಬಸ್ ಹತ್ತಿಸಿ ಬತ್ತೆ.’

‘ಏನಂತ್ರೀ?’ ಎಂದರು ಸಾಹೇಬರು.

ಪರದೆಯ ಆಚೆ ಬಳೆ ಸದ್ದಾಯಿತು. ಮಗಳು ತಾಯಿಯ ಕೈ ಹಿಡಿದಳೋ, ತಾಯಿ ಕೊಸರಿಕೊಂಡರೋ ಗೊತ್ತಿಲ್ಲ. ಅಷ್ಟರಲ್ಲಿ ಅಮ್ಮನ ಧ್ವನಿ ಬಂತು. ನವಾಯತಿಯಲ್ಲಲ್ಲ, ಕನ್ನಡದಲ್ಲಿ. ಸಣ್ಣಗೂ ಅಲ್ಲ. ಓಣಿಯ ಆ ತುದಿಯವರೆಗೆ ಕೇಳುವ ಹಾಗೆ.

‘ಬರ್ಕಣಿ ಸಾಹೇಬ್ರೆ. ನನ್ನ ಮಗಳನ್ನ ಗಂಡ ಬಿಟ್ಟ. ಬೇರೆ ಮದುವೆ ಮಾಡ್ಕಂಡ. ಆ ಊರಲ್ಲಿ ಅವಳಿಗೆ ಒಂದು ಲೋಟ ನೀರು ಕೊಡುವವ್ರು ಯಾರೂ ಇಲ್ಲ. ಅವಳು ಹೋಗೂದಿಲ್ಲ. ಇವತ್ತೂ ಹೋಗೂದಿಲ್ಲ, ನಾ ಸತ್ತ ಮೇಲೂ ಹೋಗೂದಿಲ್ಲ. ಇದು ಅವಳ ಮನೆ. ಬರ್ಕಂಡ್ರಿ?’

ಸಾಹೇಬರು ಬರೆದುಕೊಂಡರು. ಬರೆದಾದ ಮೇಲೆ ಪೆನ್ನು ಹಿಡಿದುಕೊಂಡೇ, ಈ ಸಲ ನನ್ನನ್ನು ಬಿಟ್ಟು ನೇರ ಪರದೆಗೇ ಕೇಳಿದರು.

‘ಹಂಗಾರ ಅವತ್ತು ನಮ್ಮ ಜಮಾದಾರಗ ನಾಕ್ ದಿನ ಇದ್ದು ಹೋಗ್ತಾಳ ಅಂತ ಯಾಕ ಹೇಳಿದ್ರಿ ತಾಯಿ?’

‘ಮತ್ತೆಂತ ಹೇಳೂದು? ನಿಮ್ಮ ಮಗಳೇ ಬಂದು ಕೂತಿದ್ರೆ, ದಾರಿಯಲ್ಲಿ ಹೋಗುವವ್ರು ಕೇಳಿದ್ರೆ, ನೀವು ಎಂತ ಹೇಳ್ತಿದ್ರಿ?’

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಹೆಣ್ಣುಮಕ್ಕಳಿದ್ದರೋ ಏನೋ, ನನಗೆ ತಿಳಿಯದು. ಆ ಪ್ರಶ್ನೆ ಉತ್ತರ ಯಾವುದನ್ನೂ ಕಾಗದದಲ್ಲಿ ಬರೆಯಲಿಲ್ಲ. ಚಹಾ ಕುಡಿದು, ಅಣ್ಣನಿಗೆ ನಮಸ್ಕಾರ ಹೇಳಿ ಜೀಪು ಹತ್ತಿದರು.

ಮುಂದಿನ ವಾರವೆಲ್ಲ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತು, ಕೆನ್ನೆಗೆ ಕೈ ಕೊಟ್ಟು, ಸಮಾಧಾನ ಹೇಳಿ ಹೋದರು. ಸತ್ತ ಮನೆಗೆ ಬಂದ ಹಾಗೆ ಬಂದರು. ಅಮ್ಮ ಯಾರಿಗೂ ಮರುಮಾತಾಡಲಿಲ್ಲ. ಹತ್ತಿರದ ಸಂಬಂಧದಲ್ಲಿ ಒಂದು ಮದುವೆಯಿತ್ತು, ಕಾಲು ನೋವೆಂದು ಹೋಗಲಿಲ್ಲ. ನನ್ನ ಜೊತೆಯೂ ಮಾತು ಕಮ್ಮಿಯಾಯಿತು. ಬಾಡಿಗೆದಾರಳಿಗೆ ಎಷ್ಟು ಬೇಕೋ ಅಷ್ಟು. ನಾನು ಬೇರೆ ಕೋಣೆ ಹುಡುಕಬೇಕಾದೀತು ಎಂದುಕೊಂಡೆ. ಮಗಳು ಒಂದು ದಿನ ಬಾವಿಕಟ್ಟೆಯಲ್ಲಿ, ‘ನನ್ನಿಂದಾಗಿ ಅಮ್ಮನ ಮುಖ ಇಷ್ಟು ಸಣ್ಣ ಆತು. ಹೋಗಿದ್ರೇ ಒಳ್ಳೇದಿತ್ತೇನೋ’ ಎಂದಳು. ಇಷ್ಟೆಲ್ಲ ಆದ ಮೇಲೆ ಆ ಮಾತು ಆಡಿದ್ದಕ್ಕೆ ಅವಳನ್ನೂ ಬೈದೆ.

ಅಪ್ಪಣೆ ಬಂದದ್ದು ಮಳೆ ಹಿಡಿಯುವ ಮುಂಚೆ. ಅಣ್ಣ ಟಪಾಲಿನಲ್ಲಿ ಕಳಿಸದೆ ತಾನೇ ಲಾಂಚು ದಾಟಿಕೊಂಡು ತಂದ. ಜಗಲಿಯಲ್ಲಿ ನಿಂತುಕೊಂಡೇ ಇಂಗ್ಲಿಷಿನಲ್ಲಿ ಓದಿದ. ಅವನಿಗೆ ಸಂತೋಷವಾದರೆ ಇಂಗ್ಲಿಷು ಜಾಸ್ತಿ.

‘ಅದೆಲ್ಲ ಇರ್ಲಿ ವಕೀಲ್ರೆ. ಅಂದ್ರೆ ಎಂತ?’ ಎಂದರು ಅಮ್ಮ ಪರದೆಯ ಆಚೆಯಿಂದ.

‘ಅಂದ್ರೆ ನಿಮ್ಮ ಮಗಳು ಇಲ್ಲೇ ಇರಬಹುದು. ಸದ್ಯಕ್ಕೆ ಒಂದು ವರ್ಷಕ್ಕೆ ಕೊಟ್ಟಿದ್ದಾರೆ. ವರ್ಷಕ್ಕೊಂದು ಅರ್ಜಿ ಹಾಕಿ ಮುಂದುವರಿಸ್ತಾ ಹೋಗೂದು. ಆಮೇಲೆ ಇಲ್ಲಿಯ ಪ್ರಜೆ ಅಂತ್ಲೇ ಬರೆಸುವಾ.’

‘ಹೋಗಿ ಅಂತ ಯಾರೂ ಬಂದು ಹೇಳೂದಿಲ್ಲ?’

‘ಯಾರೂ ಹೇಳೂದಿಲ್ಲ.’

‘ಖರೇ?’

‘ಖರೇ.’

ನಾನು ಪರದೆ ಸರಿಸಿ ಒಳಗೆ ಹೋದೆ. ಅಮ್ಮ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಒದ್ದೆ ಇತ್ತೋ ಇಲ್ಲವೋ, ಆ ಕತ್ತಲಲ್ಲಿ ಕಾಣಲಿಲ್ಲ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಗಬೇಕೋ ಅಳಬೇಕೋ, ತಾಯಿಯ ಹತ್ತಿರ ಬರಬೇಕೋ ಬೇಡವೋ ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡು ತಾಯಿಯನ್ನೇ ನೋಡುತ್ತಿದ್ದಳು. ಅಮ್ಮ ತಲೆ ಎತ್ತಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ಒಂದು ಸಲ ನೋಡಿದರು.

‘ಎಂತ ಕಂಬದ ಹಾಂಗೆ ನಿಂತ್ಕಂಡಿದ್ದೆ?’ ಎಂದು ಗದರಿದರು. ‘ಬಂಗಡೆ ತಂದು ಎಷ್ಟೊತ್ತಾತು, ಕಾಕೆ ಕಚ್ಕಂಡು ಹೋದ್ಮೇಲೆ ಕೊಯ್ತ್ಯಾ? ವಕೀಲ್ರು ಕುಮಟೆಯಿಂದ ಬಂದಿದ್ರು, ಚಾ ಇಲ್ಲ, ನೀರಿಲ್ಲ. ದಿನಾ ನಾನೇ ಬೇಯ್ಸಿ ಬಡಿಸ್ಲಿಕ್ಕೆ ನೀ ಎಂತ ನೆಂಟ್ರ ಮನೆಗೆ ಬಂದಿದ್ಯಾ?’

ಅವಳು ದಡಬಡಿಸಿ ಒಳಗೆ ಓಡಿದಳು. ಪಾತ್ರೆ ಬಿದ್ದ ಸದ್ದಾಯಿತು, ಅದಕ್ಕೂ ಅಮ್ಮ ಬೈದರು. ನಾನು ಚಹಾಕ್ಕೆ ನೀರಿಡಲು ಹೋದಾಗ ಅವಳು ಹಿತ್ತಿಲ ಬಾಗಿಲಲ್ಲಿ ಮೆಟ್ಟುಗತ್ತಿಯ ಮಣೆಯ ಮೇಲೆ ಕೂತಿದ್ದಳು. ಬಂಗಡೆಯ ತಲೆ ಕತ್ತರಿಸುತ್ತಿದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ಮೀನಾಗಿದ್ದರಿಂದ ಒರೆಸಿಕೊಳ್ಳಲಿಕ್ಕೂ ಬರುತ್ತಿರಲಿಲ್ಲ. ನನ್ನನ್ನು ಕಂಡು ಮೂಗು ಏರಿಸಿಕೊಂಡಳು.

‘ಕೇಳ್ತಾ ಅಕ್ಕೋರೆ?’ ಎಂದಳು. ‘ಅಮ್ಮ ನಂಗೆ ಬೈದ್ರು.’